ಫೋಟೋಗ್ರಾಫರನ ಬಲಗಡೆ

ಪ್ರದರ್ಶನದ ಗೋಡೆಗೆ ತೂಗುಹಾಕಿದ ಆಳೆತ್ತರದ ಚಿತ್ರ ಕಳಚಿಕೊಂಡು ಊರಿನ ಗಣ್ಯರೊಬ್ಬರ ತಲೆಯ ಮೇಲೆ ಬೀಳಬಹುದಿತ್ತು. ಚಿತ್ರ ಬೀಳದಿದ್ದರೆ ನೆಲಕ್ಕೆ ಅಂಟಿಸಿದ ಟೇಪಿಗೆ ಕಾಲು ತೊಡರಿ ಗಣ್ಯರೇ ಬೀಳಬಹುದಿತ್ತು. ಟ್ರಾಮಿನವರು ಮುಷ್ಕರ ಹೂಡಬಹುದಿತ್ತು. ಹೂಡದಿದ್ದರೆ ಸಮುದ್ರದ ಕಡೆಯಿಂದ ಬಿರುಗಾಳಿ ಎದ್ದು, ಮನೆ ಬಿಟ್ಟು ಹೊರಡಬೇಡಿ ಎಂಬ ಎಚ್ಚರಿಕೆ ಎಲ್ಲರ ಫೋನಿಗೂ ಬರಬಹುದಿತ್ತು. ಇಲ್ಲಿನ ಕಂಪ್ಯೂಟರಿನಲ್ಲಿ ಕನ್ನಡದ ಒತ್ತಕ್ಷರಗಳು ತಮ್ಮ ಅಕ್ಷರದ ಕೈಬಿಟ್ಟು, ಮುನಿಸಿಕೊಂಡವರ ಹಾಗೆ ಪಕ್ಕದಲ್ಲಿ ಹೋಗಿ ಕೂರಬಹುದಿತ್ತು. ಇದು ನನ್ನ ಕಲ್ಪನೆಯಲ್ಲ, ಅಚ್ಚಿಗೆ ಮೊದಲು ಹಾಗೆ ಆಗಿಯೇ ಇತ್ತು. ತಿಂಡಿ ತರುವವರು ಮೀನನ್ನೂ ಸಸ್ಯಾಹಾರಕ್ಕೆ ಸೇರಿಸಿರಬಹುದಿತ್ತು. ಜನ ಬಾರದಿರಬಹುದಿತ್ತು. ಬಂದು, ಪಕ್ಕದ ಗೋಡೆ ನೋಡಿ, ನಮ್ಮ ಗೋಡೆಯ ಮುಂದೆ ಕೋಟು ಹಾಕಿಕೊಂಡು ಹೊರಟುಹೋಗಬಹುದಿತ್ತು. ಯಾರ ಗೌರವಕ್ಕೆ ಆ ಗೋಡೆಯೋ ಆ ಮೇಡಂಗೇ ನೆಗಡಿಯಾಗಬಹುದಿತ್ತು. ನೆಗಡಿಯಿಲ್ಲದೆ, ಶುದ್ಧ ಮನಸ್ಸಿನಿಂದಲೇ, 'ನಾನು ಬರಲ್ಲಮ್ಮ' ಎನ್ನಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಬಂದು, ಗೋಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, 'ಚೆನ್ನಾಗಿದೆ' ಎಂದಷ್ಟೇ ಹೇಳಬಹುದಿತ್ತು. ನಮ್ಮ ಕಡೆಯವರು 'ಚೆನ್ನಾಗಿದೆ' ಎಂದು ಅಲ್ಲಿಗೇ ನಿಲ್ಲಿಸಿದರೆ ಅದರ ಅರ್ಥ ಏನೆಂದು ನಿಮಗೆ ಗೊತ್ತು.

ಇದನ್ನೆಲ್ಲ ನಾನು ಉದ್ಘಾಟನೆಯ ಹಿಂದಿನ ದಿನ ಊಟದ ಮೇಜಿನಲ್ಲಿ ಗಟ್ಟಿಯಾಗಿ ಹೇಳಿಕೊಂಡೆ. ನನ್ನ ಗಂಡ ವೆಲ್ಡ್‌ಹೋವನ್‌ನಲ್ಲಿ ಚಿಪ್ ಯಂತ್ರಗಳ ಕಂಪನಿಯೊಂದರಲ್ಲಿ ಕೂದಲೆಳೆಯನ್ನು ಸಾವಿರ ಸೀಳಿ ಅದರಲ್ಲೊಂದು ಸೀಳಿನಷ್ಟು ತಪ್ಪು ಹುಡುಕುವ ಕೆಲಸದವರು. ಪೂರ್ತಿ ಕೇಳಿಸಿಕೊಂಡು, ಮೊಸರನ್ನಕ್ಕೆ ಉಪ್ಪಿನಕಾಯಿ ಹಾಕಿಕೊಳ್ಳುತ್ತ, "ಭೂಕಂಪ ಬಿಟ್ಟಿದೀಯ" ಎಂದರು. ನಾನು ಅದನ್ನೂ ಸೇರಿಸಿಕೊಂಡೆ.

ಇವುಗಳಲ್ಲಿ ಒಂದೂ ಆಗಲಿಲ್ಲ.

ನಾನು ಡಚ್ಚರ ನಾಡಿನ ದ ಹೇಗ್‌ನಲ್ಲಿ ಪ್ರದರ್ಶನಗಳನ್ನು ಸಿದ್ಧಪಡಿಸುವ ಸಣ್ಣದೊಂದು ಸಂಸ್ಥೆಯಲ್ಲಿದ್ದೇನೆ. ನಮಗೆ ಆ ಸಲ ಬಂದ ಕೆಲಸ ವಿಚಿತ್ರದ್ದು: ಸಾರ್ವಜನಿಕ ಸಂಪರ್ಕ ಎಂಬ ಉದ್ಯೋಗವನ್ನು ಬೇರೆ ಬೇರೆ ದೇಶಗಳಲ್ಲಿ ಮೊದಲು ಕಟ್ಟಿದವರ ಬಗ್ಗೆ ಒಂದು ಪ್ರದರ್ಶನ. ಒಬ್ಬೊಬ್ಬರಿಗೆ ಒಂದೊಂದು ಗೋಡೆ. ಬರಹ ಅಂಗೈಯಗಲ, ಉಳಿದದ್ದೆಲ್ಲ ಚಿತ್ರ. ಜನ ಓದುವುದಿಲ್ಲ, ನೋಡುತ್ತಾರೆ ಎಂಬುದು ನಮ್ಮ ಮುಖ್ಯಸ್ಥೆಯ ಸಿದ್ಧಾಂತ. ಆಕೆ ಈ ಊರಿನವರೇ. ಎತ್ತರದ ಆಳು, ನೇರ ಮಾತು. ನನ್ನ ಬೆನ್ನ ಹಿಂದೆ ಆಕೆ ಏನೂ ಆಡಿದ್ದಿಲ್ಲ. ಎಲ್ಲವನ್ನೂ ಮುಖದ ಮುಂದೆಯೇ ಆಡಿ ಮುಗಿಸುತ್ತಾರೆ.

"ಭಾರತದಿಂದ ಯಾರಾದರೂ ಇದ್ದಾರೆಯೆ?" ಎಂದು ಆಕೆ ಸಭೆಯಲ್ಲಿ ಕೇಳಿದಾಗ, ಸಭೆಗಳಲ್ಲಿ ಸಾಮಾನ್ಯವಾಗಿ ಬಾಯಿ ಬಿಡದ ನಾನು, "ಇದ್ದಾರೆ, ಇಲ್ಲೇ ಪಕ್ಕದ ರೈಸ್‌ವೈಕ್‌ನಲ್ಲೇ ಇದ್ದಾರೆ, ನಮ್ಮ ಮನೆಯ ಹಿಂದಿನ ಬೀದಿ" ಎಂದುಬಿಟ್ಟೆ.

"ಚಿತ್ರಗಳು?"

"ಬೇಕಾದಷ್ಟಿವೆ."

ಒಂದನ್ನೂ ನೋಡಿರಲಿಲ್ಲ. ಈ ದೇಶದಲ್ಲಿ ಇಷ್ಟು ವರ್ಷ ಇದ್ದರೂ ಕೇಳಿದ್ದಕ್ಕೆಲ್ಲ 'ಇದೆ, ಆಗುತ್ತೆ, ಕೊಡ್ತೀವಿ' ಎನ್ನುವ ನಮ್ಮ ಚಾಳಿ ನನ್ನನ್ನು ಬಿಟ್ಟಿಲ್ಲ. ಆಮೇಲೆ ನಿದ್ದೆ ಬಿಡುವುದೂ ನಾನೇ.

ಮೇಡಂ ಎಂದು ನಾವೆಲ್ಲ ಕರೆಯುವ ಆಕೆಗೆ ಎಂಬತ್ತು ದಾಟಿದೆ. ಮಗಳ ಜೊತೆ ಇಲ್ಲಿ ನೆಲೆಸಿದ್ದಾರೆ. ಬೆಂಗಳೂರಿನ ದೊಡ್ಡ ಸರ್ಕಾರಿ ಕಾರ್ಖಾನೆಯೊಂದಕ್ಕೆ ಟೈಪಿಸ್ಟ್ ಆಗಿ ಸೇರಿದವರು. ವಿದೇಶದಿಂದ ಬಂದ ಅತಿಥಿಗಳಿಗೆ ಯಂತ್ರಗಳನ್ನು ತೋರಿಸಲು ಯಾರೂ ಸಿಗದ ದಿನ ಇವರನ್ನು ಮುಂದೆ ತಳ್ಳಿದರಂತೆ. ತೋರಿಸಿದರು. ಮರುವಾರವೂ ತೋರಿಸಿದರು. ಬರಬರುತ್ತ ಕಾರ್ಖಾನೆಯ ಬಗ್ಗೆ ಹೊರಗಿನವರು ಏನು ಕೇಳಬೇಕಾದರೂ ಇವರ ಮೇಜಿಗೇ ಬರಬೇಕು ಎಂಬಂತಾಯಿತು. ಆ ಕೆಲಸಕ್ಕೆ ಆಗ ಅಲ್ಲಿ ಹೆಸರಿರಲಿಲ್ಲ. ಹೆಂಗಸೊಬ್ಬಳು ಅದನ್ನು ಮಾಡುವುದಕ್ಕಂತೂ ಹೆಸರೂ ಇರಲಿಲ್ಲ, ಕೂರಲು ಕೋಣೆಯೂ ಇರಲಿಲ್ಲ. ಪತ್ರಿಕೆಗಳಿಗೆ ಇಂಗ್ಲಿಷಿನಲ್ಲಿ ಟಿಪ್ಪಣಿ ಕಳಿಸಿ ಕೈತೊಳೆದುಕೊಳ್ಳುತ್ತಿದ್ದ ಕಾಲದಲ್ಲಿ, ಕನ್ನಡ ಪತ್ರಿಕೆಗಳಿಗೆ ಕನ್ನಡದಲ್ಲೇ ಬರೆದು, ಸೈಕ್ಲೋಸ್ಟೈಲ್ ಮಾಡಿಸಿ, ಶಾಯಿ ಒಣಗುವ ಮೊದಲೇ ಬಸ್ಸು ಹಿಡಿದು ಕಚೇರಿಯಿಂದ ಕಚೇರಿಗೆ ತಾವೇ ಕೊಂಡೊಯ್ದವರು. ಕಾರ್ಮಿಕರ ಮನೆಯವರನ್ನು ಒಂದು ಭಾನುವಾರ ಕಾರ್ಖಾನೆಯೊಳಗೆ ಕರೆಸಿ, 'ನಿಮ್ಮ ಯಜಮಾನರು ಇಡೀ ದಿನ ನಿಲ್ಲೋದು ಇಲ್ಲಿ' ಎಂದು ಯಂತ್ರದ ಮುಂದಿನ ಜಾಗ ತೋರಿಸಿದವರು. ಆಮೇಲೆ ಎಷ್ಟೋ ಹೆಣ್ಣುಮಕ್ಕಳು ಇವರ ಕೈಯಲ್ಲಿ ಪಳಗಿ ಬೇರೆ ಬೇರೆ ಸಂಸ್ಥೆಗಳಲ್ಲಿ ಅದೇ ಕೆಲಸ ಹಿಡಿದರು.

ಇಂಥವರ ಗೋಡೆಗೆ ಚಿತ್ರದ ಬರ ಬರುತ್ತದೆಂದು ಯಾರು ತಾನೇ ಊಹಿಸುತ್ತಾರೆ?

"ಗೋಡೆಗೆ ಹಾಕೋದು ಹೋದವರನ್ನ ಕಣಮ್ಮ" ಎಂದರು ಮೇಡಂ, ವಿಷಯ ಹೇಳಿದ ಕೂಡಲೇ. "ಹಾರ ಗೀರ ತಂದುಬಿಟ್ಟೀಯ."

"ಇಲ್ಲ ಮೇಡಂ, ಗೌರವಕ್ಕೆ ಮಾಡ್ತಿರೋದು. ಒಪ್ಕೊಳ್ಳಿ."

"ನೋಡೋಣ."

ಕನ್ನಡದವಳಾದ ನನಗೆ ಅದು 'ಬೇಡ' ಎಂದು ಚೆನ್ನಾಗಿ ಗೊತ್ತು. ಕಚೇರಿಗೆ ಹೋಗಿ, ಒಪ್ಪಿದ್ದಾರೆ ಎಂದು ವರದಿ ಮಾಡಿದೆ. ಹೀಗೆ ಎರಡೂ ಕಡೆಗೆ ಒಂದೊಂದು ಸುಳ್ಳಿನ ಸಾಲ ಹೊತ್ತು ಕೆಲಸ ಶುರುವಾಯಿತು. ಮೇಡಂ ಕೊನೆಗೆ ಒಪ್ಪಿದ್ದು ಮಗಳು ಒತ್ತಾಯ ಮಾಡಿದ ಮೇಲೆ. ಒಪ್ಪಿದವರು ಕಪಾಟಿನ ಮೇಲಿದ್ದ ಹಳೆಯ ಏರ್‌ಬ್ಯಾಗೊಂದನ್ನು ಇಳಿಸಲು ಹೇಳಿದರು.

ಬ್ಯಾಗಿನ ತುಂಬ ಫೋಟೋ. ನನ್ನ ಎದೆ ಹಗುರಾಯಿತು. ಒಂದೊಂದೇ ಕವರು ಬಿಚ್ಚಿದೆವು. ಮಂತ್ರಿಗಳು ಗುಂಡಿ ಒತ್ತುತ್ತಿದ್ದರು. ಪರದೇಶದ ಇಂಜಿನಿಯರುಗಳು ಕುಂಕುಮ ಇಡಿಸಿಕೊಂಡು ಕಕ್ಕಾಬಿಕ್ಕಿಯಾಗಿ ನಿಂತಿದ್ದರು. ಕ್ಯಾಂಟೀನಿನ ಅಡುಗೆಯವರು ಸೌಟು ಹಿಡಿದು ಸಾಲಾಗಿದ್ದರು. ಪ್ರತಿಯೊಂದರ ಕಥೆಯೂ ಮೇಡಂ ನಾಲಗೆಯ ತುದಿಯಲ್ಲಿತ್ತು.

"ಇದರಲ್ಲಿ ನೀವೆಲ್ಲಿ ಮೇಡಂ?"

"ಇದರಲ್ಲಿಲ್ಲ."

"ಇದರಲ್ಲಿ?"

"ಇಲ್ಲ ಕಣೆ."

"ಯಾವುದರಲ್ಲಿದೀರಿ?"

"ಯಾವುದರಲ್ಲೂ ಇಲ್ಲ. ಪಿ.ಆರ್.ಓ. ಫೋಟೋದೊಳಗೆ ಬಂದಳು ಅಂದ್ರೆ ಅಷ್ಟು ಹೊತ್ತು ಹೊರಗೆ ಕೆಲಸ ನೋಡ್ಕೊಳ್ಳೋರು ಇಲ್ಲ ಅಂತ. ಮಂತ್ರಿ ಶಾಲು ಜಾರ್ತಿರುತ್ತೆ, ಹಿಂದುಗಡೆ ಇನ್ಯಾವನೋ ಮೂಗಲ್ಲಿ ಬೆರಳಿಟ್ಟಿರ್ತಾನೆ. ಅದನ್ನ ನೋಡೋರ್ಯಾರು? ನಮ್ಮ ಹುಡುಗೀರಿಗೂ ಅದನ್ನೇ ಹೇಳಿಕೊಟ್ಟಿದ್ದು. ಫೋಟೋದಲ್ಲಿ ಕಂಡ್ರೆ ಬೈತಿದ್ದೆ."

ಅಂದರೆ ತಮ್ಮನ್ನಷ್ಟೇ ಅಲ್ಲ, ತಮ್ಮ ಶಿಷ್ಯೆಯರ ಇಡೀ ತಲೆಮಾರನ್ನೇ ಅಚ್ಚುಕಟ್ಟಾಗಿ ಚೌಕಟ್ಟಿನಿಂದ ಹೊರಗೆ ನಿಲ್ಲಿಸಿದ್ದರು. ನಾನು ಅವರ ಹಳೆಯ ಸಹೋದ್ಯೋಗಿಗಳಿಗೆ ಫೋನು ಮಾಡಿದೆ. ಎಲ್ಲರೂ ಮೇಡಂ ಬಗ್ಗೆ ಮನಸಾರೆ ಮಾತಾಡಿದರು, ಎಲ್ಲರೂ ಫೋಟೋ ಕಳಿಸಿದರು, ಒಂದರಲ್ಲೂ ಮೇಡಂ ಇರಲಿಲ್ಲ. ಸಿಕ್ಕಿದ್ದು ಪಾಸ್‌ಪೋರ್ಟಿನ ಚಿತ್ರ ಮತ್ತು ಮದುವೆಯ ಫೋಟೋ. ಮದುವೆಯದರಲ್ಲಿ ಕತ್ತು ಎಷ್ಟು ಬಗ್ಗಿಸಿದ್ದರೆಂದರೆ ಕಂಡದ್ದು ಬೈತಲೆ ಮತ್ತು ಬಾಸಿಂಗ ಮಾತ್ರ.

ವಿಷಯ ಮುಚ್ಚಿಡಲು ನೋಡಿ ಆಗದೆ ನಮ್ಮ ವಿನ್ಯಾಸಕಾರನಿಗೆ ಹೇಳಿದೆ. ಆತ ಒಳ್ಳೆಯವನು, ಯಾವ ಸಮಸ್ಯೆಗೂ ಕಂಪ್ಯೂಟರಿನಲ್ಲಿ ಪರಿಹಾರ ಇದೆ ಎಂದು ನಂಬಿದವನು. ಪಾಸ್‌ಪೋರ್ಟಿನ ಮುಖವನ್ನು ಕೊಟ್ಟರೆ ಯೌವನದ ಮೇಡಂ ಅನ್ನು ಸೃಷ್ಟಿಸಿ ಕಾರ್ಖಾನೆಯ ಮುಂದೆ ನಿಲ್ಲಿಸಿಬಿಡುತ್ತೇನೆ ಎಂದ. ಒಂದು ಮಾದರಿ ಮಾಡಿಯೂ ಕೊಟ್ಟ. ನಾಚಿಕೆ ಬಿಟ್ಟು ಅದನ್ನು ಮೇಡಂಗೆ ತೋರಿಸಿದೆ.

ಮೇಡಂ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಚೆನ್ನಾಗಿದಾಳೆ. ಯಾರಿವಳು? ಇವಳಿಗೇ ಕೊಟ್ಬಿಡಿ ಗೋಡೆ."

ಅಷ್ಟರಲ್ಲಿ ಮುಖ್ಯಸ್ಥೆ ಚಿತ್ರಗಳನ್ನು ನೋಡಬೇಕೆಂದು ದಿನ ಗೊತ್ತುಮಾಡಿದರು. ನಾನು ಏರ್‌ಬ್ಯಾಗಿನ ಫೋಟೋಗಳನ್ನು ಸಭೆಯ ಮೇಜಿನ ಮೇಲೆ ಹರಡಿ, ಪ್ರತಿಯೊಂದರ ಕಥೆಯನ್ನೂ ಉಸಿರು ಬಿಡದೆ ಹೇಳಿದೆ. ಮಾತು ಜಾಸ್ತಿಯಾದರೆ ಪ್ರಶ್ನೆ ಕಮ್ಮಿಯಾಗುತ್ತದೆ ಎಂಬುದು ನನ್ನ ಲೆಕ್ಕ. ಆಕೆ ಪೂರ್ತಿ ಕೇಳಿ, "ಇವುಗಳಲ್ಲಿ ಆಕೆ ಯಾರು?" ಎಂದರು.

"ಯಾವುದರಲ್ಲೂ ಇಲ್ಲ."

"ಹಾಗಾದರೆ ಇವು ಆಕೆಯ ಚಿತ್ರಗಳಲ್ಲ." ಫೋಟೋಗಳನ್ನು ಒಟ್ಟುಮಾಡಿ ನನ್ನ ಕಡೆ ತಳ್ಳಿದರು. "ಇನ್ನೊಂದು ಮಾತು. ಚಿತ್ರಗಳಾಗಿಯೂ ಇವು ಕೆಟ್ಟವು. ಒಬ್ಬರೂ ಕ್ಯಾಮೆರಾ ನೋಡುತ್ತಿಲ್ಲ. ಒಬ್ಬರೂ! ನಿಮ್ಮ ಫೋಟೋಗ್ರಾಫರಿಗೆ ಕೆಲಸ ಬರುತ್ತಿರಲಿಲ್ಲವೆ?"

ಪಕ್ಕದ ದೇಶದ ಇನ್ನೊಬ್ಬರ ಹೆಸರು ಕಾಯುತ್ತಿದೆ, ಅವರ ಕಡೆಯಿಂದ ಪೆಟ್ಟಿಗೆಗಟ್ಟಲೆ ಚಿತ್ರ ಬಂದಿದೆ, ಬರುವ ವಾರದೊಳಗೆ ಏನೂ ಆಗದಿದ್ದರೆ ಈ ಗೋಡೆ ಅವರಿಗೆ ಎಂದು ಸಭೆ ಮುಗಿಯಿತು. ಯಾರೂ ದನಿ ಏರಿಸಲಿಲ್ಲ. ಏರಿಸಿದ್ದರೆ ಜಗಳವಾದರೂ ಆಡಬಹುದಿತ್ತು.

ಟ್ರಾಮಿನಲ್ಲಿ ಕೂತು ಮನಸ್ಸಿನಲ್ಲೇ ಆಕೆಗೆ ಉತ್ತರ ಕೊಡುತ್ತ ಬಂದೆ. ನಮ್ಮ ಫೋಟೋಗ್ರಾಫರಿಗೆ ಕೆಲಸ ಬರುತ್ತಿರಲಿಲ್ಲವಂತೆ! ಬೆಳಕು ನೋಡಿ, ಜೋಡಣೆ ನೋಡಿ ಎಂದು ಮನಸ್ಸಿನಲ್ಲೇ ಕೂಗಾಡುತ್ತ, ಫೋನಿನಲ್ಲಿದ್ದ ಪ್ರತಿಗಳನ್ನು ಒಂದಾದ ಮೇಲೊಂದು ತೆರೆದೆ. ಮಂತ್ರಿ ಕ್ಯಾಮೆರಾ ನೋಡುತ್ತಿರಲಿಲ್ಲ, ನಿಜ. ಅಡುಗೆಯವರೂ ನೋಡುತ್ತಿರಲಿಲ್ಲ. ಆದರೆ ಅವರು ಎಲ್ಲೆಲ್ಲೋ ನೋಡುತ್ತಿರಲಿಲ್ಲ. ಎಲ್ಲರೂ ಒಂದೇ ಕಡೆ ನೋಡುತ್ತಿದ್ದರು. ಕ್ಯಾಮೆರಾದ ಪಕ್ಕಕ್ಕೆ, ನನ್ನ ಬಲಗಡೆಗೆ, ಸ್ವಲ್ಪ ಕೆಳಕ್ಕೆ. ಕುಳ್ಳಗಿನ ಯಾರನ್ನೋ ನೋಡುವ ಹಾಗೆ. ಮುಂದಿನ ಚಿತ್ರ, ಅದೇ. ಬೇರೆ ವರ್ಷದ್ದು, ಬೇರೆ ಜನ, ಅದೇ ಕಡೆ ನೋಟ. ನನ್ನ ನಿಲ್ದಾಣ ಹಿಂದೆ ಹೋದದ್ದು ತಿಳಿಯಲೇ ಇಲ್ಲ.

ಮೇಡಂ ಮನೆಗೆ ಹೋದಾಗ ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಬಾಗಿಲು ತೆಗೆದವರು, "ಯಾರಿಗೇನಾಯ್ತು?" ಎಂದರು.

"ಯಾರಿಗೂ ಏನೂ ಆಗಿಲ್ಲ. ಮೇಡಂ, ಇವರೆಲ್ಲ ಯಾರನ್ನ ನೋಡ್ತಿದಾರೆ?"

ಮೇಡಂ ನನ್ನನ್ನು ದಡ್ಡಿಯನ್ನು ನೋಡುವ ಹಾಗೆ ನೋಡಿದರು. "ನನ್ನನ್ನ. ಇನ್ಯಾರನ್ನ?"

ಕಾಫಿ ಕುಡಿಯುತ್ತ ವಿವರಿಸಿದರು. ಲೆನ್ಸು ನೋಡಿದರೆ ಜನ ಪಾಸ್‌ಪೋರ್ಟ್ ಮುಖ ಮಾಡುತ್ತಾರೆ. ದೊಡ್ಡವರು ಇನ್ನೂ ಬಿಗಿಯುತ್ತಾರೆ. ಅದಕ್ಕೇ ಮೇಡಂ ಫೋಟೋಗ್ರಾಫರನ ಭುಜಕ್ಕೆ ಹೊಂದಿಕೊಂಡು ನಿಲ್ಲುವುದು, ಕೈ ಎತ್ತುವುದು, ಅವರವರ ಭಾಷೆಯಲ್ಲಿ ಒಂದು ಮಾತು ಎಸೆಯುವುದು. ಅವರು ತಿರುಗಿದ ಕ್ಷಣಕ್ಕೆ ಆತ ಕ್ಲಿಕ್ಕಿಸುವುದು.

"ಯಾವಾಗಲೂ ಬಲಗಡೆಯೇ?"

"ಎಡಗಡೆ ಅವನ ಫ್ಲ್ಯಾಷಿರ್ತಿತ್ತಲ್ಲ, ಕಣ್ಣು ಕುಕ್ಕೋದು."

"ಅಡುಗೆಯವರಿಗೆ ಏನು ಹೇಳಿದ್ರಿ? ಇಷ್ಟು ನಗ್ತಿದಾರೆ."

"'ಇವತ್ತಿನ ಸಾರಿಗೆ ಉಪ್ಪು ಯಾರು ಹಾಕಿದ್ದು, ಅವರು ಒಂದು ಹೆಜ್ಜೆ ಮುಂದೆ ಬನ್ನಿ' ಅಂದೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಹೋದ್ರು. ನೋಡು, ಹಿಂದೆ ಗೋಡೆಗೆ ಅಂಟಿಕೊಂಡಿದಾರೆ."

ಮರುದಿನ ಮುಖ್ಯಸ್ಥೆಗೆ ಇದನ್ನು ಹೇಳಿದಾಗ ಆಕೆ ಮೊದಲ ಸಲ ಪೆನ್ನು ಕೆಳಗಿಟ್ಟರು. ಫೋಟೋಗಳನ್ನೆಲ್ಲ ಮತ್ತೆ ತರಿಸಿ, ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕವರಿನ ತಳದಲ್ಲಿ ಅಂಟಿಕೊಂಡಿದ್ದು ಆಗಷ್ಟೇ ಹೊರಬಂದ ಒಂದರ ಹತ್ತಿರ ನಿಂತರು. ಕಾರ್ಖಾನೆಯ ಗೇಟಿನ ಹೊರಗೆ ಹೆಂಗಸರು, ಮುದುಕರು, ಮಕ್ಕಳ ಗುಂಪು. ಎಲ್ಲರ ಕಣ್ಣೂ ಒಂದೇ ಬಿಂದುವಿನಲ್ಲಿ. ಯಾರೂ ನಗುತ್ತಿರಲಿಲ್ಲ. ಇದು ನಡುವೆ ಬರಬೇಕು, ಆಳೆತ್ತರಕ್ಕೆ, ಉಳಿದವು ಇದರ ಸುತ್ತ ಎಂದು ಆಕೆ ತೀರ್ಮಾನಿಸಿಯೇಬಿಟ್ಟರು. ನನಗೂ ಹಾಗೆಯೇ ಅನ್ನಿಸಿತ್ತು. ಸುಳ್ಳು ಏಕೆ ಹೇಳಲಿ, ಅದನ್ನು ನೋಡಿದ ಕೂಡಲೇ 'ಗೋಡೆ ಉಳಿಯಿತು' ಎಂದುಕೊಂಡಿದ್ದೆ.

ಸಂಜೆ ಮನೆಗೆ ಹೋಗಿ ತೋರಿಸಿದಾಗ, ಮೇಡಂ ಆ ಚಿತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಮೇಜಿನ ಮೇಲೆ ಬೋರಲು ಇಟ್ಟರು.

"ಇದು ಹೇಗೆ ಸೇರ್ಕೊಳ್ತು? ಇದನ್ನ ಹಾಕ್ಬೇಡ."

"ಇದರಲ್ಲೇ ಎಲ್ಲರೂ ನಿಮ್ಮನ್ನ ನೋಡ್ತಿರೋದು ಚೆನ್ನಾಗಿ ಕಾಣುತ್ತೆ, ಮೇಡಂ."

"ಅವರು ನನ್ನನ್ನ ನೋಡ್ತಿಲ್ಲ ಕಣಮ್ಮ. ನನ್ನ ಬಾಯಿ ನೋಡ್ತಿದಾರೆ. ಮುಂದಿನ ಹೆಸರು ಯಾವುದು ಬರುತ್ತೋ ಅಂತ."

ಅಂದು ಕಾರ್ಖಾನೆಯ ಒಳಗೆ ಬಾಯ್ಲರ್ ಒಡೆದಿತ್ತು. ವಿಷಯವನ್ನು ಸದ್ಯಕ್ಕೆ ಹೊರಗೆ ಬಿಡಬೇಡಿ ಎಂದು ಮೇಲಿನಿಂದ ಹೇಳಿಕೆಯಾಗಿತ್ತು. ಮೇಡಂ ಆಸ್ಪತ್ರೆಗೆ ಫೋನು ಮಾಡಿ ತೀರಿಕೊಂಡವರ ಹೆಸರುಗಳನ್ನು ಖಚಿತಪಡಿಸಿಕೊಂಡು, ಗೇಟಿಗೆ ನಡೆದು, ಮನೆಯವರಿಗೆ ತಾವೇ ಓದಿ ಹೇಳಿದರು. ಪತ್ರಿಕೆಯವರಿಗೆ ಆಮೇಲೆ. ಗುಂಪಿನ ಜೊತೆ ಬಂದಿದ್ದ ಪತ್ರಿಕೆಯ ಛಾಯಾಗ್ರಾಹಕರೊಬ್ಬರು ಆಗ ತೆಗೆದ ಚಿತ್ರ ಅದು. ಸಂಜೆ ಮೇಡಂ ಆ ಪತ್ರಿಕೆಯ ಕಚೇರಿಗೆ ಹೋದರು. 'ಈ ಮುಖಗಳನ್ನ ನಾಳೆ ಊರಿಗೆಲ್ಲ ಹಂಚಬೇಡಿ. ಬದಲಿಗೆ ಏನಾಯ್ತು ಅನ್ನೋದನ್ನ ಒಂದೂ ಬಿಡದೆ ಹೇಳ್ತೀನಿ' ಎಂದರು. ಹೇಳಿದರು. ಸುದ್ದಿ ಪೂರ್ತಿ ಬಂತು, ಚಿತ್ರ ಬರಲಿಲ್ಲ. ಆ ಪ್ರತಿಯನ್ನು ಸಂಪಾದಕರು ಇವರ ಕೈಗೇ ಕೊಟ್ಟರು. "ಜಿ.ಎಂ. ಎಷ್ಟೋ ತಿಂಗಳು ನನ್ನ ಹತ್ರ ಮಾತಾಡಲಿಲ್ಲ" ಎಂದರು ಮೇಡಂ. "ನಾನೂ ಆಡಿಸಲಿಲ್ಲ ಬಿಡು."

ಇಂಥ ಇಕ್ಕಟ್ಟಿನಲ್ಲಿ ನನ್ನದು ಪಳಗಿದ ಕೈ. ಇತ್ತ ಮೇಡಂಗೆ 'ಇನ್ನೂ ಏನೂ ನಿರ್ಧಾರವಾಗಿಲ್ಲ' ಎನ್ನುವುದು, ಅತ್ತ ಮುಖ್ಯಸ್ಥೆಗೆ 'ಇನ್ನೊಂದು ಸಲ ಕೇಳುತ್ತೇನೆ' ಎನ್ನುವುದು. ಅಚ್ಚಿಗೆ ಕಳಿಸುವ ದಿನ ಬಂದಾಗ ಯಾವುದು ಆಗಬೇಕೋ ಅದು ತಾನಾಗಿ ಆಗಿರುತ್ತದೆ, ನನ್ನ ಕೈಯಲ್ಲಿ ಏನಿತ್ತು ಎಂದು ಎರಡೂ ಕಡೆ ಅಂಗೈ ತೋರಿಸಬಹುದು. ಕಚೇರಿಯ ಮೆಟ್ಟಿಲು ಹತ್ತುವವರೆಗೂ ಇದೇ ನನ್ನ ಯೋಜನೆಯಾಗಿತ್ತು. ಆದರೆ ಬಾಗಿಲು ತೆರೆದಾಗ ನೆನಪಾದದ್ದು ಬೋರಲು ಬಿದ್ದಿದ್ದ ಆ ಚಿತ್ರದ ಬೆನ್ನು.

"ಗೇಟಿನ ಚಿತ್ರ ಇಲ್ಲ" ಎಂದೆ.

"ಇಲ್ಲ ಎಂದರೆ ಈಗ ಇಲ್ಲವೋ, ಎಂದೂ ಇಲ್ಲವೋ?"

"ಎಂದೂ ಇಲ್ಲ."

ನನ್ನ ದನಿ ನನಗೇ ಹೊಸದಾಗಿತ್ತು. ಕಾರಣ ಹೇಳಿದೆ. ಆಕೆ ವಾದಿಸಲಿಲ್ಲ. "ಸರಿ. ಸ್ಪಷ್ಟವಾಯಿತು. ಇನ್ನು ಉಳಿದ ಚಿತ್ರಗಳು ಗೋಡೆಯನ್ನು ಹಿಡಿದು ನಿಲ್ಲಿಸುತ್ತವೆ ಎಂದು ನನಗೆ ತೋರಿಸಿ. ನಗುತ್ತಿರುವ ಜನ ಮೂಲೆಯತ್ತ ನೋಡುವುದಷ್ಟೇ ಆದರೆ ಸಾಲದು. ಶುಕ್ರವಾರ ಸಭಾಂಗಣದಲ್ಲಿ ನೋಡೋಣ."

ಈಕೆಯ 'ನೋಡೋಣ' ಎಂದರೆ ನಿಜಕ್ಕೂ ನೋಡುವುದು.

ನನ್ನ ಹಂಚಿಕೆ ಸರಳವಾಗಿತ್ತು. ಚಿತ್ರದ ಮುಂದೆ, ಮೇಡಂ ನಿಂತಿದ್ದ ಜಾಗ ಲೆಕ್ಕಹಾಕಿ, ನೆಲದ ಮೇಲೆ ಟೇಪಿನಿಂದ ಒಂದು ಗುರುತು ಮಾಡುವುದು. ನೋಡಲು ಬಂದವರು ಆ ಗುರುತಿನ ಮೇಲೆ ನಿಂತರೆ ಚಿತ್ರದೊಳಗಿನ ಕಣ್ಣುಗಳೆಲ್ಲ ಅವರ ಕಣ್ಣನ್ನೇ ಸೇರುತ್ತವೆ. ಮೇಡಂ ಕಂಡದ್ದನ್ನು ಅವರೂ ಕಾಣುತ್ತಾರೆ. ಅಡುಗೆಯವರ ಚಿತ್ರವೊಂದನ್ನು ಆಳೆತ್ತರಕ್ಕೆ ಅಚ್ಚು ಹಾಕಿಸಿ, ಗುರುವಾರ ಮಧ್ಯಾಹ್ನ ಖಾಲಿ ಸಭಾಂಗಣದಲ್ಲಿ ನಾನೂ ವಿನ್ಯಾಸಕಾರನೂ ತೂಗುಹಾಕಿದೆವು. ಸಭಾಂಗಣ ಗೆಮೇಂಟೆಯದು, ಅಂದರೆ ನಗರಸಭೆಯದು. ನೆಲಕ್ಕೆ ಇಂಥದೇ ಟೇಪು ಎಂಬ ನಿಯಮವಿತ್ತು, ಅದನ್ನೇ ತಂದಿದ್ದೆ. ಗುರುತು ಅಂಟಿಸಿ, ಅದರ ಮೇಲೆ ನಿಂತು, ತಲೆ ಎತ್ತಿದೆ.

ಅಡುಗೆಯವರು ನನ್ನನ್ನು ನೋಡಲಿಲ್ಲ. ನನ್ನ ಬಲಗಡೆ ನೋಡಿದರು.

ಇನ್ನಷ್ಟು ಬಲಕ್ಕೆ ಸರಿದೆ. ಅವರ ನೋಟವೂ ಸರಿಯಿತು. ಬಗ್ಗಿದೆ, ಮೊಣಕಾಲೂರಿದೆ, ಗೋಡೆಗೆ ಹತ್ತಿಕೊಂಡೆ. ಎಲ್ಲಿ ನಿಂತರೂ ಆ ನೋಟ ನನ್ನನ್ನು ದಾಟಿ ಬಲಕ್ಕೇ ಜಾರುತ್ತಿತ್ತು. ವಿನ್ಯಾಸಕಾರ ಸ್ವಲ್ಪ ಹೊತ್ತು ಯೋಚಿಸಿ, ಚಪ್ಪಟೆ ಚಿತ್ರದ ಗುಣವೇ ಹಾಗೆ ಎಂದ. ಲೆನ್ಸನ್ನು ನೋಡಿದವರು ನೀವು ಎಲ್ಲೇ ಹೋದರೂ ನಿಮ್ಮನ್ನೇ ನೋಡುತ್ತಾರೆ. ಲೆನ್ಸಿನ ಪಕ್ಕ ನೋಡಿದವರು ನೀವು ಎಲ್ಲೇ ನಿಂತರೂ ನಿಮ್ಮ ಪಕ್ಕವೇ ನೋಡುತ್ತಾರೆ. ಅವರ ಕಣ್ಣು ಹಿಡಿಯಲು ಆಗುವುದೇ ಇಲ್ಲ. "ಮೊದಲೇ ಹೇಳಬೇಕಿತ್ತು" ಎಂದೂ ಸೇರಿಸಿದ, ತನಗೇ ಎಂಬಂತೆ.

ನಾನು ನೆಲದ ಮೇಲೆ ಕೂತುಬಿಟ್ಟೆ. ಗೇಟಿನ ಚಿತ್ರ ಬೇಡವೆಂದು ಶೂರಳಂತೆ ಹೇಳಿ ಬಂದಿದ್ದೆ, ಈಗ ಉಳಿದದ್ದೂ ಕೈಕೊಟ್ಟಿತ್ತು. ಸೋಮವಾರ ಮೇಡಂ ಮನೆಗೆ ಹೋಗಿ ಗೋಡೆ ಇಲ್ಲ ಎನ್ನುವ ಮಾತನ್ನು ಹೇಗೆ ಎತ್ತುವುದೆಂದು ಮನಸ್ಸಿನಲ್ಲೇ ಅಭ್ಯಾಸ ಶುರುಮಾಡಿದೆ. ನಮ್ಮ ಮೇಡಂ ಅನ್ನು ಅವರ ಉಸಿರಿರುವಾಗಲೇ ನಾಲ್ಕು ಜನ ನೋಡಲಿ ಎಂದು ಹೊರಟಿದ್ದೆ. ನೋಡಲು ಅವರಿರಲಿಲ್ಲ, ಅವರು ಇದ್ದ ಜಾಗವೂ ಕೈಗೆ ಸಿಗುತ್ತಿರಲಿಲ್ಲ.

ವಿನ್ಯಾಸಕಾರ ಸಮಾಧಾನ ಮಾಡಲೆಂದು ಕಾಫಿ ತಂದು ನನ್ನ ಬಲಗಡೆ ನಿಂತ. ನಾನು ತಲೆಯೆತ್ತಿ ಚಿತ್ರ ನೋಡಿದೆ. ಅಡುಗೆಯವರೆಲ್ಲ ಅವನನ್ನು ನೋಡಿ ನಗುತ್ತಿದ್ದರು.

"ಅಲ್ಲಾಡಬೇಡ" ಎಂದು ಕಿರುಚಿದೆ. ಕಾಫಿ ಚೆಲ್ಲಿತು.

ನೋಡುವವರು ನಿಲ್ಲಬೇಕಾದದ್ದು ಮೇಡಂ ಜಾಗದಲ್ಲಿ ಅಲ್ಲ, ಫೋಟೋಗ್ರಾಫರನ ಜಾಗದಲ್ಲಿ. ಒಂದಲ್ಲ, ಎರಡು ಗುರುತು ಬೇಕು. ಒಂದರ ಮೇಲೆ ನೀವು. ನಿಮ್ಮ ಬಲಗಡೆ, ಭುಜ ತಾಗುವಷ್ಟು ಹತ್ತಿರ, ಇನ್ನೊಂದು, ಖಾಲಿ. ಅದು ಅವರದು.

ಶುಕ್ರವಾರ ಮುಖ್ಯಸ್ಥೆ ಬಂದರು. ನಾನು ಏನೂ ವಿವರಿಸಲಿಲ್ಲ. ಅದೂ ನನಗೆ ಹೊಸದೇ. ಎಡಗಡೆಯ ಗುರುತು ತೋರಿಸಿ, ಇಲ್ಲಿ ನಿಂತುಕೊಳ್ಳಿ ಎಂದೆ. ಆಕೆ ನಿಂತರು. ಚಿತ್ರ ನೋಡಿದರು. ಮುಖದಲ್ಲಿ ಯಾವ ಬದಲಾವಣೆಯೂ ಇಲ್ಲ. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಆಕೆ ತಟ್ಟನೆ ಕತ್ತು ತಿರುಗಿಸಿ ತನ್ನ ಬಲಗಡೆ ನೋಡಿದರು, ಅಲ್ಲಿ ಯಾರೋ ಬಂದು ನಿಂತ ಹಾಗೆ. ಯಾರೂ ಇರಲಿಲ್ಲ.

"ಓ" ಎಂದರು. ಮತ್ತೆ ಚಿತ್ರ ನೋಡಿದರು. "ಗೋಡೆ ನಿಮ್ಮದು."

ಆಮೇಲಿನದು ಬರೀ ಓಡಾಟ. ಉಳಿದ ಚಿತ್ರಗಳನ್ನು ಆರಿಸಿ ಅಚ್ಚಿಗೆ ಕಳಿಸಿದೆವು. ಅಂಗೈಯಗಲದ ಬರಹವನ್ನು ಡಚ್, ಇಂಗ್ಲಿಷ್, ಕನ್ನಡ ಮೂರರಲ್ಲೂ ನಾನು ಓದಿದೆ, ಗಂಡನಿಂದ ಓದಿಸಿದೆ, ಹಿಂದಿನಿಂದ ಮುಂದಕ್ಕೂ ಓದಿದೆ. ಒತ್ತಕ್ಷರಗಳನ್ನು ಒಂದೊಂದಾಗಿ ಎಣಿಸಿ ಒಳಗೆ ಕಳಿಸಿದೆ, ಸಂಜೆ ಕೋಳಿ ಗೂಡಿಗೆ ಅಟ್ಟುವವರ ಹಾಗೆ. ತೂಗುಹಾಕುವ ದಿನವಂತೂ ನನ್ನ ಕಣ್ಣೆಲ್ಲ ನೆಲದ ಮೇಲೆ. ಪ್ರತಿ ಚಿತ್ರದ ಮುಂದೆ ಎರಡೆರಡು ಗುರುತು, ಅಳತೆ ಹಿಡಿದು, ತುದಿ ಏಳದಂತೆ ಉಜ್ಜಿ ಅಂಟಿಸಿದೆ. ಯಾರೂ ಎಡವಬಾರದು.

ಉದ್ಘಾಟನೆಯ ದಿನ ಬಿರುಗಾಳಿ ಇರಲಿಲ್ಲ. ಟ್ರಾಮುಗಳು ಓಡುತ್ತಿದ್ದವು. ತಿಂಡಿಯಲ್ಲಿ ಮೀನಿರಲಿಲ್ಲ. ಮೇಡಂ ಬಂದರು: ಮೈಸೂರು ರೇಷ್ಮೆ ಸೀರೆ, ಅದರ ಮೇಲೆ ಮಗಳ ದಪ್ಪ ಕೋಟು, ಕೈಯಲ್ಲಿ ಬ್ಯಾಗು. ಗಣ್ಯರ ಭಾಷಣ ಮುಗಿಯಿತು. ಜನ ನಮ್ಮ ಗೋಡೆಯ ಮುಂದೆ ಸಾಲು ನಿಂತರು. ಒಬ್ಬೊಬ್ಬರೂ ಗುರುತಿನ ಮೇಲೆ ನಿಲ್ಲುವುದು, ಸ್ವಲ್ಪ ಹೊತ್ತಿಗೆ ಕತ್ತು ಬಲಕ್ಕೆ ತಿರುಗಿಸುವುದು, ತಮಗೇ ನಗುವುದು. ಮೇಡಂ ದೂರದಿಂದ ಅದನ್ನು ನೋಡುತ್ತಿದ್ದರು. 'ಚೆನ್ನಾಗಿದೆ' ಎಂದೂ ಅನ್ನಲಿಲ್ಲ.

ಆಮೇಲೆ ಅವರು ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆದು ಬಂದರು. ಮಂತ್ರಿ, ಇಂಜಿನಿಯರುಗಳು, ಅಡುಗೆಯವರು. ಕೊನೆಯದರ ಮುಂದೆ ನಿಂತರು. ಜೋಡಣೆ ವಿಭಾಗದ ಹೆಂಗಸರ ಚಿತ್ರ ಅದು. ಸಾಲಾಗಿ ನಿಂತು, ಒಬ್ಬರ ಮೇಲೊಬ್ಬರು ಒರಗಿ ನಗುತ್ತಿದ್ದರು. ಮೇಡಂ ನೋಡಿಯೇ ನೋಡಿದರು.

"ಇವರಿಗೆ ನನ್ನ ಮೇಲೆ ಕೋಪವೇನೇ?"

"ಯಾಕೆ ಮೇಡಂ?"

"ಆ ಕಡೆ ನೋಡ್ತಿದಾರಲ್ಲ."

ನೋಡಿದೆ. ಎಲ್ಲ ಚಿತ್ರಗಳೂ ಬಲಕ್ಕೆ ನೋಡುತ್ತಿದ್ದರೆ ಈ ಹೆಂಗಸರು ಮಾತ್ರ ಎಡಕ್ಕೆ ನೋಡುತ್ತಿದ್ದರು. ಖಾಲಿ ಗುರುತು ಬಲಗಡೆ ಅನಾಥವಾಗಿ ಬಿದ್ದಿತ್ತು.

"ಸೆರಗು ನೋಡು" ಎಂದರು ಮೇಡಂ.

ಅಷ್ಟೂ ಹೆಂಗಸರ ಸೆರಗೂ ಬಲ ಹೆಗಲ ಮೇಲಿತ್ತು. ಇದೊಂದಕ್ಕೆ ಮಾತ್ರ ಅಚ್ಚಿನ ಪ್ರತಿ ಇರದೆ ನೆಗೆಟಿವ್‌ನಿಂದಲೇ ತೆಗೆಸಿದ್ದೆವು. ಫಿಲ್ಮನ್ನು ಯಾರೋ ಮಗುಚಿ ಇಟ್ಟು, ಚಿತ್ರದ ಎಡಬಲ ಅದಲುಬದಲಾಗಿತ್ತು. ಇಲ್ಲಿನವರಿಗೆ ಸೆರಗಿನ ಎಡಬಲ ತಿಳಿಯದು, ಒಪ್ಪೋಣ. ಆದರೆ ನಾನು? ಜೀವಮಾನವಿಡೀ ಎಡ ಹೆಗಲಿಗೆ ಸೆರಗು ಹಾಕಿಕೊಂಡವಳು, ಆ ದಿನವೂ ಹಾಕಿಕೊಂಡೇ ನಿಂತಿದ್ದವಳು, ಒತ್ತಕ್ಷರ ಎಣಿಸುತ್ತ, ನೆಲ ಉಜ್ಜುತ್ತ, ಒಂದು ಸಲವೂ ತಲೆಯೆತ್ತಿ ನೋಡಿರಲಿಲ್ಲ.

ಅಷ್ಟರಲ್ಲಿ ಎತ್ತರದ ದಂಪತಿಗಳಿಬ್ಬರು ಬಂದರು. ಗಂಡಸು ಗುರುತಿನ ಮೇಲೆ ನಿಂತು ಚಿತ್ರ ನೋಡಿದರು, ಖಾಲಿ ಗುರುತಿನ ಕಡೆ ತಿರುಗಿದರು, ಮತ್ತೆ ಚಿತ್ರ ನೋಡಿ ಹುಬ್ಬು ಗಂಟಿಕ್ಕಿದರು. ಹೆಂಡತಿಗೆ ಏನೋ ಕೇಳಿದರು. ನಾನು ಬ್ಯಾಗಿನೊಳಗೆ ಕೈಹಾಕಿ ಟೇಪಿನ ಸುರುಳಿಗಾಗಿ ತಡಕಾಡತೊಡಗಿದೆ. ಎಡಗಡೆಗೆ ಹೊಸದೊಂದು ಗುರುತು ಅಂಟಿಸಿಬಿಟ್ಟರೆ, ಬಲಗಡೆಯದನ್ನು ಕಾಲಲ್ಲಿ ಮುಚ್ಚಿಕೊಂಡರೆ... ಕೀಲಿ ಬಂತು, ಕೈಗವಸು ಬಂತು, ಟೇಪು ಬರಲಿಲ್ಲ.

ಪಕ್ಕದಲ್ಲಿ ಮೇಡಂ ಇರಲಿಲ್ಲ. ಕೋಟನ್ನು ಬಿಚ್ಚಿ ಮಗಳ ಕೈಗೆ ಕೊಟ್ಟು, ಆ ಎತ್ತರದ ಗಂಡಸಿನ ಬೆನ್ನ ಹಿಂದಿನಿಂದ ಸುತ್ತಿ ಬಂದು, ಅವರ ಎಡ ಭುಜಕ್ಕೆ ಹೊಂದಿಕೊಂಡು ನಿಂತರು. ಮೇಡಂ ತಲೆ ಆತನ ಮೊಣಕೈಗಿಂತ ಸ್ವಲ್ಪ ಮೇಲಿತ್ತು. ಚಿತ್ರದ ಕಡೆಗೆ ಕೈ ಎತ್ತಿದರು. ಗೋಡೆಯ ಮೇಲಿನ ಹೆಂಗಸರೆಲ್ಲ ಅವರನ್ನು ನೋಡಿ ನಕ್ಕರು. ಆ ಗಂಡಸು ಚಿತ್ರ ನೋಡಿ, ಎಡಕ್ಕೆ ತಿರುಗಿ, ಕೆಳಗೆ ನೋಡಿ, ಬಾಯಿ ತೆರೆದು ಹಾಗೆಯೇ ನಿಂತರು.

ನಾನು ಕೊನೆಗೂ ಸಿಕ್ಕ ಟೇಪಿನ ಸುರುಳಿ ಹಿಡಿದು ಮೇಡಂ ಕಾಲ ಬಳಿ ಬಗ್ಗಿದೆ.

"ಟೇಪು ಯಾಕೆ?" ಎಂದರು ಮೇಡಂ, ಎತ್ತಿದ ಕೈ ಇಳಿಸದೆ. "ನಾನೇ ನಿಂತಿದೀನಲ್ಲೇ."